ಸಣ್ಣ ಹಾಯಿದೋಣಿಯನ್ನು ಮರೀನಾ ಸ್ಲಿಪ್‌ನಲ್ಲಿ ಕಟ್ಟುವುದು ಹೇಗೆ: ಐದು ಹಗ್ಗ, ಸರಿಯಾದ ಕ್ರಮ

ಈ ಬೇಸಿಗೆಯಲ್ಲಿ ಮೂರು ಜನ ನನಗೆ ಹೆಚ್ಚುಕಡಿಮೆ ಒಂದೇ ಫೋಟೋ ಕಳಿಸಿದ್ದಾರೆ. ದೋಣಿ ಬೇರೆ ಬೇರೆ, ಮರೀನಾ (ಸಣ್ಣ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಬಂದರು) ಬೇರೆ ಬೇರೆ, ಪೆಟ್ಟು ಬಿದ್ದಿರುವ ಜಾಗ ಮಾತ್ರ ಒಂದೇ: ಮೂತಿಯ ತುದಿ. ಡಾಕ್‌ನ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಮರಕ್ಕೆ ಗುದ್ದಿ ಗುದ್ದಿ ಹೊರಮೈಯ ಬಿಳಿ ಲೇಪ (ಜೆಲ್‌ಕೋಟ್) ಚಕ್ಕೆ ಎದ್ದಿದೆ. ಜೊತೆಗೆ ಒಂದೇ ಪ್ರಶ್ನೆ: "ಮುಂದೆ ಎರಡು, ಹಿಂದೆ ಒಂದು, ಮೂರೂ ಹಗ್ಗ ಬಿಗಿಯಾಗಿ ಕಟ್ಟಿದ್ದೆ, ಆದ್ರೂ ಹೀಗ್ಯಾಕಾಯ್ತು?"

ಮೂರೂ ಹಗ್ಗ ಬಿಗಿಯಾಗಿಯೇ ಇದ್ದಿರಬಹುದು. ಆದರೆ ದೋಣಿ ಮುಂದಕ್ಕೆ ಹೋಗದಂತೆ ತಡೆಯುವ ಹಗ್ಗ ಅದರಲ್ಲಿ ಒಂದೂ ಇರಲಿಲ್ಲ. ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ ದೋಣಿ ಕಟ್ಟಿದರೆ ಆಗುವುದೇ ಇದು. ಹಸು ಗೂಟದಿಂದ ದೂರ ಹೋಗಬಾರದು ಅಷ್ಟೇ, ಗೂಟಕ್ಕೆ ಬಂದು ಗುದ್ದಿದರೆ ಯಾರಿಗೂ ನಷ್ಟ ಇಲ್ಲ. ದೋಣಿ ದೂರವೂ ಹೋಗಬಾರದು, ಹತ್ತಿರವೂ ಬರಬಾರದು, ಅದರ ಮೇಲೆ ಅಲೆ ಬಂದಾಗ ಸ್ವಲ್ಪ ಮಿಸುಕಾಡೋಕೂ ಬಿಡಬೇಕು.

ಇಲ್ಲಿ ಹೇಳುವುದು 18ರಿಂದ 26 ಅಡಿಯ ದೋಣಿಗಳಿಗೆ. ಉದಾಹರಣೆಗೆ ನನ್ನದೇ ಹಳೇ ಕ್ಯಾಟಲಿನಾ 22 ಇಟ್ಟುಕೊಳ್ಳುತ್ತೇನೆ: ಉದ್ದ 21 ಅಡಿ 6 ಇಂಚು, ಅಗಲ 7 ಅಡಿ 8 ಇಂಚು, ಖಾಲಿ ದೋಣಿಯೇ ಒಂದು ಟನ್ ತೂಕ. ಜಾಗ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ, ತೇಲುವ ಡಾಕ್. ನಿಮ್ಮದು ನೀರಲ್ಲಿ ಕಂಬ ನೆಟ್ಟು ಕಟ್ಟಿದ ಸ್ಥಿರ ಡಾಕ್ ಆಗಿದ್ದರೆ ಹಂತ 6 ಓದಿದ ಮೇಲೆ ಅದಕ್ಕೇ ಬರೆದ ಭಾಗವನ್ನೂ ಓದಿ. ಇಲ್ಲದಿದ್ದರೆ ನೀರು ಇಳಿದಾಗ ದೋಣಿ ಹಗ್ಗಕ್ಕೆ ಜೋತು ಬೀಳುತ್ತದೆ.

## ಹಂತ 1: ಕೈಯಲ್ಲಿ ಹಗ್ಗ ಹಿಡಿಯುವ ಮೊದಲು ಡಾಕ್ ನೋಡಿ

ಖಾಲಿ ಸ್ಲಿಪ್‌ಗೆ, ಅಂದರೆ ನಿಮ್ಮ ದೋಣಿ ನಿಲ್ಲುವ ಜಾಗಕ್ಕೆ, ನಡೆದುಕೊಂಡು ಹೋಗಿ. ದೋಣಿ ತರಬೇಡಿ, ಸುಮ್ನೆ ಹೋಗಿ ನಿಂತು ನೋಡಿ. ಎದುರಿಗೆ ಎಲ್ಲರೂ ಓಡಾಡುವ ಮುಖ್ಯ ಡಾಕ್, ಪಕ್ಕದಲ್ಲಿ ಅದರಿಂದ ಹೊರಟ ಸಪೂರ ಕವಲು. ಇದಕ್ಕೆ ಇಲ್ಲಿ ಫಿಂಗರ್ ಅಂತಾರೆ. ಸಣ್ಣ ದೋಣಿಗಳಿಗೆ ಸಾಮಾನ್ಯವಾಗಿ ಎರಡು ಫಿಂಗರ್ ನಡುವೆ ಎರಡು ದೋಣಿ ಇರುತ್ತವೆ. ಅಂದರೆ ನಿಮಗೆ ಒಂದು ಪಕ್ಕದಲ್ಲಿ ಫಿಂಗರ್, ಇನ್ನೊಂದು ಪಕ್ಕದಲ್ಲಿ ಪಕ್ಕದವರ ದೋಣಿ.

ಮೂರು ವಿಷಯ ನೋಡಿಕೊಳ್ಳಿ. ಮೊದಲನೆಯದು, ಕ್ಲೀಟ್‌ಗಳು ಎಲ್ಲಿವೆ, ಎಷ್ಟಿವೆ. ಕ್ಲೀಟ್ ಅಂದರೆ ಎರಡು ಕೊಂಬು ಚಾಚಿಕೊಂಡ ಆ ಕಬ್ಬಿಣದ ತುಂಡು, ಹಗ್ಗ ಸುತ್ತುವುದು ಅದಕ್ಕೇ. ಒಂದೊಂದನ್ನೂ ಕಾಲಲ್ಲಿ ಒದ್ದು ನೋಡಿ. ಅಲ್ಲಾಡಿದರೆ, ಬೋಲ್ಟ್ ಸುತ್ತ ಮರ ಮೆತ್ತಗಾಗಿದ್ದರೆ ಆಫೀಸಿಗೆ ಹೇಳಿ ಸರಿ ಮಾಡಿಸಿ. ಎಂಥಾ ಒಳ್ಳೆ ಹಗ್ಗ ತಂದರೂ ಕೊಳೆತ ಮರಕ್ಕೆ ಕಟ್ಟಿದರೆ ಏನು ಬಂತು?

ಎರಡನೆಯದು, ಗಾಳಿ ಯಾವ ಕಡೆಯಿಂದ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ ಪಶ್ಚಿಮದ ಗಾಳಿ, 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟುವುದು ಮಾಮೂಲು. ಚಳಿಗಾಲದ ಮಳೆಗಾಳಿ ಮಾತ್ರ ದಕ್ಷಿಣದಿಂದ ಶುರುವಾಗುತ್ತದೆ. ಜುಲೈನಲ್ಲಿ ನೋಡಿ ಕಟ್ಟಿದ್ದು ಜನವರಿಯಲ್ಲಿ ಕೈ ಕೊಡುವುದು ಇದಕ್ಕೇ. ಹಾಗಾಗಿ ಇವತ್ತಿನ ಗಾಳಿ ಒಂದನ್ನೇ ನಂಬಬೇಡಿ, ಆ ಸಾಲಿನಲ್ಲಿ ವರ್ಷಗಟ್ಟಲೆ ಇರುವವರನ್ನು ಕೇಳಿ. ಅವರು ಹೇಳುತ್ತಾರೆ, ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ.

ಮೂರನೆಯದನ್ನು ಯಾರೂ ನೋಡುವುದಿಲ್ಲ: ಪಕ್ಕದ ದೋಣಿಯ ಹಾಯಿಕಂಬ ಎಲ್ಲಿ ಬರುತ್ತದೆ. ನಿಮ್ಮ ಕಂಬ ಅದರ ನೇರಕ್ಕೇ ಬಂದರೆ, ಎರಡೂ ದೋಣಿ ಒಟ್ಟಿಗೆ ಹೊಯ್ದಾಡುವಾಗ ಮೇಲಿನ ಅಡ್ಡತೋಳುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಂದೆರಡು ಅಡಿ ಹಿಂದೆಮುಂದೆ ಇರುವ ಹಾಗೆ ಜಾಗ ಯೋಚಿಸಿಕೊಳ್ಳಿ.

## ಹಂತ 2: ಏನೇನು ಬೇಕು

ಹಗ್ಗ ನೈಲಾನ್ ಆಗಿರಲಿ. ನೈಲಾನ್ ಎಳೆದಾಗ ಹಿಗ್ಗುತ್ತದೆ, ಅಲೆಯ ಏಟನ್ನು ತಾನು ತಿಂದು ಕ್ಲೀಟ್‌ಗೆ ಕಡಿಮೆ ದಾಟಿಸುತ್ತದೆ. ಹಾಯಿಗೆ ಬಳಸುವ ಪಾಲಿಯೆಸ್ಟರ್ ಹಗ್ಗ ಹಿಗ್ಗುವುದು ಬಹಳ ಕಡಿಮೆ. ಅದರಲ್ಲಿ ಕಟ್ಟಿದರೆ ಪ್ರತಿ ಅಲೆಗೂ ದೋಣಿ ಗಕ್ಕನೆ ನಿಂತು ಕ್ಲೀಟ್ ಬೋಲ್ಟ್‌ಗಳು ಅಲುಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಹಳದಿ ಪಾಲಿಪ್ರೊಪಿಲೀನ್ ಹಗ್ಗವಂತೂ ಬೇಡವೇ ಬೇಡ. ಬಿಸಿಲಿಗೆ ಒಣಗಿ ಪುಡಿಪುಡಿಯಾಗುತ್ತದೆ, ಕ್ಲೀಟ್ ಮೇಲೆ ಜಾರುತ್ತದೆ.

ದಪ್ಪಕ್ಕೆ ಸುಲಭದ ಲೆಕ್ಕ ಇದೆ: ದೋಣಿಯ ಪ್ರತಿ 9 ಅಡಿಗೆ ಎಂಟನೇ ಒಂದು ಇಂಚು. 22 ಅಡಿಗೆ ಮೂರು ಎಂಟಾಂಶ ಇಂಚು, ಅಂದರೆ ಸುಮಾರು 10 ಮಿ.ಮೀ. "ದಪ್ಪ ಇದ್ದಷ್ಟೂ ಒಳ್ಳೇದಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ವಿಪರೀತ ದಪ್ಪದ ಹಗ್ಗ ಸಣ್ಣ ದೋಣಿಯ ಭಾರಕ್ಕೆ ಹಿಗ್ಗುವುದೇ ಇಲ್ಲ, ಜೊತೆಗೆ ನಿಮ್ಮ ಪುಟ್ಟ ಕ್ಲೀಟ್ ಮೇಲೆ ಸರಿಯಾಗಿ ಕೂರುವುದೂ ಇಲ್ಲ.

22 ಅಡಿ ದೋಣಿಗೆ ನನ್ನ ಪಟ್ಟಿ ಇಷ್ಟು:

- 15 ಅಡಿಯ ಮೂರು ಹಗ್ಗ: ಮೂತಿಗೆ ಎರಡು, ಹಿಂಬದಿಗೆ ಒಂದು
- 25 ಅಡಿಯ ಎರಡು ಹಗ್ಗ: ಸ್ಪ್ರಿಂಗ್ ಲೈನ್‌ಗೆ (ಏನು ಅಂತ ಹಂತ 6ರಲ್ಲಿ ಹೇಳುತ್ತೇನೆ)
- 25 ಅಡಿಯ ಇನ್ನೊಂದು, ಒಳಗೆ ಬರುವಾಗ ಬ್ರೇಕ್ ಆಗಿ ಬಳಸಲು
- 6 ಇಂಚು ದಪ್ಪದ ಮೂರು ಫೆಂಡರ್ (ದೋಣಿ ಮತ್ತು ಡಾಕ್ ನಡುವೆ ಇಳಿಬಿಡುವ ಮೆತ್ತೆ), ಸಾಧ್ಯವಾದರೆ ನಾಲ್ಕು
- ಸವೆತ ತಡೆಯಲು ಹಳೇ ಫೈರ್ ಹೋಸ್ ತುಂಡು ಅಥವಾ ದಪ್ಪ ಕ್ಯಾನ್ವಾಸ್
- ಕೊಕ್ಕೆ ಇರುವ ಉದ್ದ ಕೋಲು, ಜೇಬಲ್ಲಿ ಹರಿತವಾದ ಚಾಕು, ಮೈಮೇಲೆ ಲೈಫ್ ಜಾಕೆಟ್

ಲೈಫ್ ಜಾಕೆಟ್ ವಿಷಯಕ್ಕೆ ನಗಬೇಡಿ. ಜನ ನೀರಿಗೆ ಬೀಳುವುದು ನಡುಸಮುದ್ರದಲ್ಲಿ ಅಂತ ನಾವು ಅಂದುಕೊಂಡಿರುತ್ತೇವೆ, ನಾನು ಕಣ್ಣಾರೆ ಕಂಡ ಮೂರೂ ಸಲ ಬಿದ್ದದ್ದು ಡಾಕ್ ಮತ್ತು ದೋಣಿಯ ನಡುವೆ. ಇಲ್ಲಿನ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಬಿದ್ದ ತಕ್ಷಣ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಡಾಕ್‌ನಲ್ಲಿ ಹತ್ತೋ ಏಣಿ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಟೈರ್ ಕಟ್ಟಬಹುದಾ ಅಂತ ನಮ್ಮ ಕರಾವಳಿ ಕಡೆಯವರು ಕೇಳೇ ಕೇಳುತ್ತಾರೆ. ಮಂಗಳೂರು ದಕ್ಕೆಯಲ್ಲಿ, ಮಲ್ಪೆಯಲ್ಲಿ ಮೀನಿನ ಬೋಟ್‌ಗಳಿಗೆ ಟೈರ್ ಸರಿ. ನಿಮ್ಮ ಬಿಳಿ ಫೈಬರ್ ದೋಣಿಗೆ ಕಟ್ಟಿದರೆ ಒಂದು ವಾರದಲ್ಲಿ ಕರೀ ಗೆರೆ, ಉಜ್ಜಿದರೂ ಹೋಗಲ್ಲ.

## ಹಂತ 3: ಒಳಗೆ ಬರುವ ಮೊದಲೇ ಎಲ್ಲ ಸಿದ್ಧ

ಬಹಳಷ್ಟು ಅನಾಹುತ ಆಗುವುದು ಇಲ್ಲಿ. ಸ್ಲಿಪ್ ಎದುರಿಗೆ ಬಂದಮೇಲೆ "ಹಗ್ಗ ಎಲ್ಲಿಟ್ಟೆ?" ಅಂತ ಸೀಟ್ ಕೆಳಗೆ ಹುಡುಕುವುದು, ಅಷ್ಟರಲ್ಲಿ ಗಾಳಿ ದೋಣಿಯನ್ನು ಪಕ್ಕದವರ ಮೇಲೆ ತಳ್ಳುವುದು. ಹೊರಗೆ, ಜಾಗ ಇರುವ ಕಡೆ, ದೋಣಿ ನಿಧಾನ ಮಾಡಿ ಎಲ್ಲ ಮುಗಿಸಿಕೊಂಡೇ ಒಳಗೆ ಬನ್ನಿ.

ಫೆಂಡರ್‌ಗಳನ್ನು ಫಿಂಗರ್ ಇರುವ ಪಕ್ಕಕ್ಕೆ ಇಳಿಬಿಡಿ. ಹಗ್ಗದ ಒಂದು ತುದಿಯನ್ನು ದೋಣಿಯ ಕ್ಲೀಟ್‌ಗೆ ಹಾಕಿ, ಅಲ್ಲಿಂದ ರೇಲಿಂಗ್ ತಂತಿಗಳ ಕೆಳಗಿನಿಂದ ಹೊರಕ್ಕೆ ತಂದು, ಮತ್ತೆ ತಂತಿಯ ಮೇಲಿಂದ ಒಳಕ್ಕೆ ತಂದು ಸುರುಳಿ ಸುತ್ತಿ ಕೈಗೆ ಸಿಗುವ ಹಾಗೆ ಇಡಿ. ಇದನ್ನು ಎರಡು ಸಲ ಓದಿ, ಯಾಕೆಂದರೆ ಹೊಸಬರಲ್ಲಿ ಅರ್ಧಕ್ಕರ್ಧ ಜನ ಇಲ್ಲೇ ಎಡವುತ್ತಾರೆ. ಹಗ್ಗ ಕ್ಲೀಟ್‌ನಿಂದ ನೇರ ತಂತಿಯ ಮೇಲಿಂದ ಹೊರಗೆ ಹೋದರೆ, ಭಾರ ಬಿದ್ದ ತಕ್ಷಣ ರೇಲಿಂಗ್ ಕಂಬ ಬಗ್ಗುತ್ತದೆ. ಕಂಬ ಬಗ್ಗಿದರೆ ಅದರ ಬುಡದ ಡೆಕ್ ಬಿರುಕು ಬಿಟ್ಟು ಒಳಗೆ ನೀರು ಇಳಿಯುತ್ತದೆ. ಇಷ್ಟೆಲ್ಲ ರಿಪೇರಿ, ಹಗ್ಗ ಒಂದು ತಂತಿಯ ಕೆಳಗೆ ಹೋಗಬೇಕಾದದ್ದು ಮೇಲೆ ಹೋಯಿತು ಅನ್ನೋ ಕಾರಣಕ್ಕೆ.

ಜೊತೆಗಿರುವವರಿಗೆ ಕೆಲಸ ಹಂಚಿ, ಬಾಯಿಬಿಟ್ಟು ಹೇಳಿ. "ನೀನು ಈ ಹಗ್ಗ ಹಿಡ್ಕೊಂಡು ಇಳಿದು, ಫಿಂಗರ್ ತುದಿಯ ಆ ಕ್ಲೀಟ್‌ಗೆ ಒಂದು ಸುತ್ತು ಹಾಕು. ಬೇರೆ ಏನೂ ಮಾಡಬೇಡ." ಇಳಿಯುವುದು, ಹಾರುವುದಲ್ಲ. ದೋಣಿ ಡಾಕ್‌ಗೆ ಒಂದು ಹೆಜ್ಜೆಯ ದೂರಕ್ಕೆ ಬರದಿದ್ದರೆ ಇಳಿಯಬೇಡಿ, ಸುತ್ತು ಹಾಕಿ ಮತ್ತೆ ಬನ್ನಿ. ಕಾಲು ಕೊಟ್ಟು ದೋಣಿ ತಡೆಯುವ ಸಾಹಸವಂತೂ ಬೇಡ. ಒಂದು ಟನ್ ನಿಧಾನವಾಗಿ ಬರುತ್ತಿದ್ದರೂ ಒಂದು ಟನ್ನೇ.

## ಹಂತ 4: ಯಾವ ಹಗ್ಗ ಮೊದಲು

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಕೈ ಬಿಟ್ಟರೆ ದೋಣಿ ಎತ್ತ ಹೋಗುತ್ತದೆ? ಅದನ್ನು ತಡೆಯುವ ಹಗ್ಗ ಮೊದಲು.

ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ದೋಣಿ ಮುಂದಕ್ಕೆ ನುಗ್ಗುತ್ತದೆ. ಆಗ ಮೊದಲ ಹಗ್ಗ ದೋಣಿಯ ನಡುಭಾಗದಿಂದ ಹಿಂದಕ್ಕೆ, ಫಿಂಗರ್‌ನ ಹೊರತುದಿಯ ಕ್ಲೀಟ್‌ಗೆ. ಇದೇ ನಿಮ್ಮ ಬ್ರೇಕ್. ಕ್ಯಾಟಲಿನಾದಂಥ ಹಳೇ ಸಣ್ಣ ದೋಣಿಗಳಿಗೆ ನಡುಭಾಗದಲ್ಲಿ ಕ್ಲೀಟ್ ಇರುವುದಿಲ್ಲ. ನಾನು ಕಾಕ್‌ಪಿಟ್ (ದೋಣಿ ನಡೆಸಲು ಕೂರುವ ತಗ್ಗು ಜಾಗ) ಪಕ್ಕದ ವಿಂಚ್‌ಗೆ (ಹಾಯಿಯ ಹಗ್ಗ ಎಳೆಯುವ ಉರುಳೆಗೆ) ಎರಡು ಮೂರು ಸುತ್ತು ಹಾಕಿ ಅದನ್ನೇ ಬಳಸುತ್ತೇನೆ. ಒಬ್ಬನೇ ಬರುವಾಗಲೂ ಇದು ಸಾಕು: ಹಗ್ಗದ ತುದಿಯ ಕುಣಿಕೆಯನ್ನು ಕೋಲಿನಿಂದ ಫಿಂಗರ್ ತುದಿಯ ಕ್ಲೀಟ್‌ಗೆ ತೊಡಿಸಿ, ವಿಂಚ್ ಮೇಲಿನ ಸುತ್ತನ್ನು ಸ್ವಲ್ಪ ಸ್ವಲ್ಪವೇ ಜಾರಲು ಬಿಡುತ್ತಾ ದೋಣಿ ನಿಲ್ಲಿಸುವುದು. ನಿಂತಮೇಲೆ ಮೋಟರ್ ಸಣ್ಣಗೆ ಮುಂದಿನ ಗೇರ್‌ನಲ್ಲೇ ಇರಲಿ, ದೋಣಿ ಫಿಂಗರ್‌ಗೆ ಒರಗಿಕೊಂಡು ಸುಮ್ಮನಿರುತ್ತದೆ. ಉಳಿದ ಹಗ್ಗಗಳನ್ನು ಗಡಿಬಿಡಿ ಇಲ್ಲದೆ ಕಟ್ಟಿ.

ಗಾಳಿ ಎದುರಿನಿಂದ ಬಂದರೆ ಕೆಲಸ ಸುಲಭ, ಗಾಳಿಯೇ ನಿಲ್ಲಿಸುತ್ತದೆ. ಆಗ ಮೂತಿಯ ಹಗ್ಗ ಮೊದಲು, ಇಲ್ಲದಿದ್ದರೆ ಮೂತಿ ಪಕ್ಕಕ್ಕೆ ತಿರುಗುತ್ತದೆ. ಗಾಳಿ ಫಿಂಗರ್‌ನಿಂದ ದೂರ ತಳ್ಳುತ್ತಿದ್ದರೆ ಮತ್ತೆ ಅದೇ ನಡುಭಾಗದ ಹಗ್ಗ ಮೊದಲು, ಅದೂ ಚಿಕ್ಕದಾಗಿ.

ಎಲ್ಲರೂ ಮಾಡುವ ತಪ್ಪು: ಒಬ್ಬರು ಮೂತಿಯ ಹಗ್ಗ ಹಿಡಿದು ಇಳಿಯುತ್ತಾರೆ, ದೋಣಿ ಇನ್ನೂ ಚಲಿಸುತ್ತಿರುವಾಗಲೇ ಅದನ್ನು ಜೋರಾಗಿ ಎಳೆಯುತ್ತಾರೆ. ಮೂತಿ ಡಾಕ್‌ಗೆ ಗುದ್ದುತ್ತದೆ, ಹಿಂಬದಿ ಬಾಗಿಲು ತೆರೆದ ಹಾಗೆ ಆಚೆಗೆ ತೆರೆದುಕೊಳ್ಳುತ್ತದೆ, ಪಕ್ಕದ ದೋಣಿಯವರು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಸಹಾಯಕ್ಕೆ ಅಂತ ಡಾಕ್ ಮೇಲೆ ನಿಂತವರು ಮಾಡುವುದೂ ಇದನ್ನೇ. ಅವರ ಕೈಗೆ ಹಗ್ಗ ಕೊಡುವಾಗಲೇ ಹೇಳಿ: "ಎಳೀಬೇಡಿ, ಆ ಕ್ಲೀಟ್‌ಗೆ ಒಂದು ಸುತ್ತು ಹಾಕಿ ಹಿಡ್ಕೊಳ್ಳಿ ಸಾಕು."

## ಹಂತ 5: ಕ್ಲೀಟ್‌ಗೆ ಹಗ್ಗ ಸುತ್ತುವುದು

ಇದನ್ನು ಮನೆಯಲ್ಲಿ ಕೂತು ಕಲಿಯಿರಿ. ಒಂದು ಕ್ಲೀಟ್ ಕೊಂಡು ಹಲಗೆಗೆ ಸ್ಕ್ರೂ ಹಾಕಿ, ಟಿವಿ ನೋಡುತ್ತಾ ಐವತ್ತು ಸಲ ಮಾಡಿ.

ದೋಣಿಯಿಂದ ಬರುವ ಹಗ್ಗ ಮೊದಲು ಹೋಗಬೇಕಾದದ್ದು ದೂರದ ಕೊಂಬಿಗೆ. ಹತ್ತಿರದ ಕೊಂಬಿಗೆ ಅಲ್ಲ. ದೂರದ ಕೊಂಬಿನ ಕೆಳಗಿನಿಂದ ಬಳಸಿ, ಹತ್ತಿರದ ಕೊಂಬಿನ ಕೆಳಗೂ ತಂದರೆ ಬುಡಕ್ಕೆ ಒಂದು ಪೂರ್ತಿ ಸುತ್ತು ಆಯಿತು. ಭಾರವನ್ನು ಮುಖ್ಯವಾಗಿ ಹಿಡಿಯುವುದು ಈ ಸುತ್ತೇ. ಈಗ ಹಗ್ಗವನ್ನು ಕ್ಲೀಟ್‌ನ ಬೆನ್ನಿನ ಮೇಲೆ ಓರೆಯಾಗಿ ದಾಟಿಸಿ, ಆಚೆ ಕೊಂಬಿನ ಕೆಳಗೆ ಸುತ್ತಿ, ಮತ್ತೆ ಓರೆಯಾಗಿ ಈಚೆಗೆ ತನ್ನಿ. ಇಂಗ್ಲಿಷಿನ ಎಂಟರ ಆಕಾರ ಕಾಣುತ್ತದೆ. ಕೊನೆಗೆ ಕೈಯಲ್ಲಿ ಹಗ್ಗವನ್ನು ಒಂದು ಸಲ ತಿರುಚಿ ಕುಣಿಕೆ ಮಾಡಿ, ತುದಿ ಕುಣಿಕೆಯ ಕೆಳಗೆ ಬರುವ ಹಾಗೆ ಕೊಂಬಿಗೆ ತೊಡಿಸಿ ಎಳೆಯಿರಿ. ಸರಿಯಾಗಿದ್ದರೆ ತುದಿ ಹಗ್ಗ ತನ್ನ ಪಕ್ಕದ ಓರೆ ಹಗ್ಗಕ್ಕೆ ಸಮಾನಾಂತರವಾಗಿ, ನೀಟಾಗಿ ಕೂರುತ್ತದೆ. ಅಡ್ಡಕ್ಕೆ ಬಂದರೆ ತಿರುಚಿದ್ದು ಉಲ್ಟಾ. ಬಿಚ್ಚಿ ಮತ್ತೆ ಮಾಡಿ.

ಅಷ್ಟೇ. ಮುಗಿಯಿತು. ನಂಬಿಕೆ ಬರದೆ ಜನ ಇದರ ಮೇಲೆ ಇನ್ನೂ ಏಳೆಂಟು ಸುತ್ತು ಹಾಕಿ ಕ್ಲೀಟ್ ಮೇಲೆ ಶಾವಿಗೆ ಗುಡ್ಡೆ ಮಾಡುತ್ತಾರೆ. ಬುಡದ ಸುತ್ತು ತಪ್ಪಿದ್ದರೆ ಮೇಲಿನ ಹತ್ತು ಸುತ್ತೂ ಜಾರುತ್ತವೆ, ಬುಡದ ಸುತ್ತು ಸರಿ ಇದ್ದರೆ ಅವು ಬೇಕಾಗಿಯೇ ಇಲ್ಲ. ತುರ್ತಿಗೆ ಹಗ್ಗ ಬಿಚ್ಚಬೇಕಾದಾಗ ಈ ಗುಡ್ಡೆಯೇ ಶತ್ರು.

ತುದಿಯಲ್ಲಿ ಹೆಣೆದ ಕುಣಿಕೆ ಇರುವ ಹಗ್ಗವಾದರೆ ಕುಣಿಕೆಯನ್ನು ಸುಮ್ನೆ ಕೊಂಬುಗಳ ಮೇಲೆ ತೊಡಿಸಿ ಬಿಡಬೇಡಿ, ದೋಣಿ ಕುಣಿದಾಗ ಎದ್ದು ಬರುತ್ತದೆ. ಕ್ಲೀಟ್ ಬುಡದಲ್ಲಿರುವ ತೂತಿನೊಳಗಿಂದ ಕುಣಿಕೆ ತೂರಿಸಿ, ಆಮೇಲೆ ಎರಡೂ ಕೊಂಬಿನ ಮೇಲೆ ಹಿಂದಕ್ಕೆ ತೊಡಿಸಿ.

## ಹಂತ 6: ಐದೂ ಹಗ್ಗ ಹೊಂದಿಸುವುದು

ಈಗ ದೋಣಿ ನಿಂತಿದೆ, ಮೋಟರ್ ಆಫ್ ಮಾಡಿ. ಅವಸರ ಇಲ್ಲ. ಮೂತಿ ಮುಖ್ಯ ಡಾಕ್‌ನಿಂದ ಎರಡು ಅಡಿ ದೂರ ಇರುವ ಹಾಗೆ ದೋಣಿಯನ್ನು ಕೈಯಲ್ಲೇ ಹಿಂದೆಮುಂದೆ ಸರಿಸಿ. ಜನ ಓಡಾಡುವ ದಾರಿಯ ಮೇಲೆ ಮೂತಿ ಚಾಚಿದ್ದರೆ ಇಲ್ಲಿನ ಮರೀನಾಗಳು ಒಪ್ಪುವುದಿಲ್ಲ, ಕತ್ತಲಲ್ಲಿ ಬರುವವರ ಹಣೆಗೂ ಒಳ್ಳೆಯದಲ್ಲ.

ಮೊದಲು ಎರಡು ಸ್ಪ್ರಿಂಗ್ ಲೈನ್. ಹೆಸರು ಕೇಳಿ ಹೆದರಬೇಡಿ, ಸ್ಪ್ರಿಂಗ್ ಅಂದರೆ ದೋಣಿಯ ಉದ್ದಕ್ಕೆ ಓರೆಯಾಗಿ ಹೋಗುವ ಉದ್ದನೆಯ ಹಗ್ಗ.

ಒಂದು, ದೋಣಿಯ ಮೂತಿಯಿಂದ ಹಿಂದಕ್ಕೆ ಬಂದು ಫಿಂಗರ್‌ನ ಹೊರತುದಿಯ ಕ್ಲೀಟ್‌ಗೆ. ದೋಣಿ ಮುಂದಕ್ಕೆ ಹೊರಟರೆ ಇದು ಬಿಗಿಯಾಗುತ್ತದೆ. ಆ ಮೂರು ಫೋಟೋಗಳಲ್ಲಿ ಇಲ್ಲದ ಹಗ್ಗ ಇದೇ. ಎರಡು, ದೋಣಿಯ ಹಿಂಬದಿಯಿಂದ ಮುಂದಕ್ಕೆ ಹೋಗಿ ಫಿಂಗರ್‌ನ ಒಳತುದಿಯ ಕ್ಲೀಟ್‌ಗೆ. ದೋಣಿ ಹಿಂದಕ್ಕೆ ಹೊರಟರೆ ಇದು ಬಿಗಿಯಾಗುತ್ತದೆ. ಎರಡೂ ಸೇರಿ ಫಿಂಗರ್ ಪಕ್ಕದಲ್ಲಿ ಕತ್ತರಿ ಹಾಕಿದ ಹಾಗೆ ಕಾಣುತ್ತವೆ.

ಸ್ಪ್ರಿಂಗ್ ಎರಡನ್ನೂ ಸಡಿಲ ಬಿಡದೆ, ಹಾಗಂತ ವೀಣೆಯ ತಂತಿಯ ಹಾಗೆಯೂ ಬಿಗಿಯದೆ, ಕೈಯಲ್ಲಿ ಒತ್ತಿದರೆ ಎರಡು ಮೂರು ಇಂಚು ಬಗ್ಗುವಷ್ಟಕ್ಕೆ ಕಟ್ಟಿ. ಆಮೇಲೆ ಮೂತಿಯ ಎರಡು ಹಗ್ಗ: ಎಡಕ್ಕೊಂದು ಬಲಕ್ಕೊಂದು, ಮುಖ್ಯ ಡಾಕ್‌ನ ಕ್ಲೀಟ್‌ಗಳಿಗೆ. ಇವು ಮೂತಿ ಪಕ್ಕಕ್ಕೆ ತಿರುಗದಂತೆ ತಡೆಯಲು ಮಾತ್ರ, ದೋಣಿಯನ್ನು ಮುಂದಕ್ಕೆ ಎಳೆದು ಹಿಡಿಯಲು ಅಲ್ಲ. ಕೊನೆಗೆ ಹಿಂಬದಿಯದು. ಹೊಸಬರು ಇದನ್ನು ಹತ್ತಿರದ ಮೂಲೆಯಿಂದ ನೇರ ಫಿಂಗರ್‌ಗೆ ಮೂರೇ ಅಡಿ ಉದ್ದದಲ್ಲಿ ಬಿಗಿದುಬಿಡುತ್ತಾರೆ. ಹಾಗೆ ಮಾಡಬೇಡಿ. ಆಚೆ ಪಕ್ಕದ ಮೂಲೆಯ ಕ್ಲೀಟ್‌ನಿಂದ ಅಡ್ಡಲಾಗಿ ತಂದು ಫಿಂಗರ್‌ಗೆ ಕಟ್ಟಿ. ಹಗ್ಗ ಉದ್ದವಾಗುತ್ತದೆ, ಹಿಗ್ಗಲು ಜಾಗ ಸಿಗುತ್ತದೆ.

ನನಗೆ ಇದು ಗೊತ್ತಾದದ್ದು ಮೊದಲ ಚಳಿಗಾಲದಲ್ಲಿ. ಶುಕ್ರವಾರ ಸಂಜೆ ನಾಲ್ಕು ಗಿಡ್ಡ ಹಗ್ಗ ಬಿಗಿದು, ಕೈಯಿಂದ ಅಲ್ಲಾಡಿಸಿ ನೋಡಿ, ಕಲ್ಲಿನ ಹಾಗೆ ನಿಂತಿದೆ ಅಂತ ಖುಷಿಪಟ್ಟು ಮನೆಗೆ ಹೋದೆ. ಶನಿವಾರ ರಾತ್ರಿಯೆಲ್ಲ ದಕ್ಷಿಣದ ಗಾಳಿ. ಭಾನುವಾರ ಬೆಳಿಗ್ಗೆ ಹೋದರೆ ನಾಲ್ಕರಲ್ಲಿ ಒಂದೇ ಹಗ್ಗ ಉಳಿದಿದೆ, ಹಿಂಬದಿಯ ಕ್ಲೀಟ್ ತನ್ನ ಎರಡು ಬೋಲ್ಟ್ ಮತ್ತು ಅಂಗೈಯಗಲದ ಡೆಕ್ ತುಂಡಿನ ಸಮೇತ ಡಾಕ್ ಮೇಲಿನ ಹಗ್ಗದ ತುದಿಯಲ್ಲಿ ನೇತಾಡುತ್ತಿದೆ. ಆ ಹಗ್ಗಕ್ಕೆ ಏನೂ ಆಗಿರಲಿಲ್ಲ. ಹಿಗ್ಗಲು ಉದ್ದವೇ ಇಲ್ಲದ ಹಗ್ಗ ಒಂದೊಂದು ಅಲೆಯ ಏಟನ್ನೂ ಪೂರ್ತಿಯಾಗಿ ಕ್ಲೀಟ್‌ಗೆ ದಾಟಿಸಿತ್ತು.

ಎಲ್ಲ ಕಟ್ಟಿದ ಮೇಲೆ ಪರೀಕ್ಷೆ: ಫಿಂಗರ್ ಮೇಲೆ ನಿಂತು ದೋಣಿಯನ್ನು ಮುಂದಕ್ಕೆ, ಹಿಂದಕ್ಕೆ, ಆಚೆಗೆ ಜೋರಾಗಿ ತಳ್ಳಿ. ಪ್ರತಿ ದಿಕ್ಕಿನಲ್ಲೂ ಅರ್ಧ ಅಡಿಯಿಂದ ಒಂದು ಅಡಿ ಸರಿದು ಮೆತ್ತಗೆ ನಿಲ್ಲಬೇಕು. ಪೂರ್ತಿ ಮುಂದಕ್ಕೆ ತಳ್ಳಿದಾಗಲೂ ಮೂತಿಗೆ ಡಾಕ್ ತಾಗಬಾರದು, ಪೂರ್ತಿ ಆಚೆಗೆ ತಳ್ಳಿದಾಗಲೂ ಪಕ್ಕದವರ ದೋಣಿ ತಾಗಬಾರದು.

ಅಳತೆ ಸರಿಹೋದ ಮೇಲೆ ಒಂದು ಉಪಾಯ. ಹಗ್ಗಗಳನ್ನು ಡಾಕ್ ಕಡೆಯ ಕ್ಲೀಟ್‌ನಲ್ಲಿ ಶಾಶ್ವತವಾಗಿ ಕಟ್ಟಿಟ್ಟು, ಕುಣಿಕೆ ಇರುವ ತುದಿ ದೋಣಿಗೆ ಬರುವ ಹಾಗೆ ಮಾಡಿ. ಹೊರಗೆ ಹೋಗುವಾಗ ಕುಣಿಕೆ ತೆಗೆದು ಡಾಕ್ ಮೇಲೆ ಇಡುವುದು, ಬಂದಾಗ ತೊಡಿಸುವುದು. ಪ್ರತಿ ಸಲ ಅಳತೆ ಹುಡುಕುವ ಕೆಲಸವೇ ಇಲ್ಲ. ಬೇರೆ ಮರೀನಾಗೆ ಹೋದಾಗ ಬೇಕಾಗುತ್ತದೆ, ಹಾಗಾಗಿ ಇನ್ನೊಂದು ಸೆಟ್ ದೋಣಿಯಲ್ಲೇ ಇರಲಿ.

## ಸ್ಥಿರ ಡಾಕ್ ಆಗಿದ್ದರೆ

ಫ್ಲಾರಿಡಾ, ಚೆಸಪೀಕ್ ಕೊಲ್ಲಿ ಕಡೆ ಕಂಬ ನೆಟ್ಟ ಸ್ಥಿರ ಡಾಕ್‌ಗಳು ಜಾಸ್ತಿ. ಅಲ್ಲಿ ಉಬ್ಬರ ಇಳಿತಕ್ಕೆ ದೋಣಿ ಏರಿ ಇಳಿಯುತ್ತದೆ, ಡಾಕ್ ಅಲ್ಲೇ ಇರುತ್ತದೆ. ತೇಲುವ ಡಾಕ್‌ನ ಅಳತೆಯಲ್ಲಿ ಕಟ್ಟಿದರೆ ಕೆಡುತ್ತದೆ.

ಇಲ್ಲಿ ಉದ್ದವೇ ಎಲ್ಲ. ಶಾಲೆಯ ಪೈಥಾಗೊರಸ್ ಲೆಕ್ಕ ಹಾಕಿ ನೋಡಿ: ನೇರ ಮಟ್ಟದಲ್ಲಿರುವ 5 ಅಡಿ ಹಗ್ಗ, ನೀರು 3 ಅಡಿ ಏರಿದರೆ ಹೆಚ್ಚು ಕೇಳುವುದು 10 ಇಂಚು. ಅಷ್ಟು ಹಿಗ್ಗುವುದಿಲ್ಲ, ಒಂದೋ ಹಗ್ಗ ಹರಿಯಬೇಕು, ಇಲ್ಲ ಕ್ಲೀಟ್ ಕೀಳಬೇಕು. ಅದೇ 20 ಅಡಿ ಉದ್ದದ ಸ್ಪ್ರಿಂಗ್ ಕೇಳುವುದು ಮೂರು ಇಂಚಿಗೂ ಕಡಿಮೆ. ಹಾಗಾಗಿ ಸ್ಪ್ರಿಂಗ್‌ಗಳನ್ನು ಸಾಧ್ಯವಾದಷ್ಟು ಉದ್ದ ಮಾಡಿ, ಮೂತಿ ಮತ್ತು ಹಿಂಬದಿಯ ಹಗ್ಗಗಳನ್ನು ದೂರದ ಕಂಬಕ್ಕೆ ಅಡ್ಡಲಾಗಿ ಒಯ್ಯಿರಿ. ನೀರು ಅರ್ಧ ಮಟ್ಟದಲ್ಲಿರುವಾಗ ಕಟ್ಟಿ, ಆಮೇಲೆ ಒಂದು ಪೂರ್ತಿ ಉಬ್ಬರ, ಒಂದು ಪೂರ್ತಿ ಇಳಿತ ಅಲ್ಲೇ ಇದ್ದು ನೋಡಿ. ಒಂಬತ್ತು ಗಂಟೆಯಾದರೂ ಹೋಗುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ.

## ಹಂತ 7: ಫೆಂಡರ್ ಮತ್ತು ಸವೆತ

ಫೆಂಡರ್ ಇರುವುದು ಅಪ್ಪಿತಪ್ಪಿ ತಾಗಿದರೆ ಇರಲಿ ಅಂತ. ದೋಣಿ ಇಡೀ ದಿನ ಫೆಂಡರ್ ಮೇಲೆ ಒರಗಿಕೊಂಡಿದ್ದರೆ ಹಗ್ಗ ಸರಿಯಾಗಿಲ್ಲ ಅಂತ ಅರ್ಥ. ದೋಣಿಯ ಅಗಲವಾದ ಜಾಗದಲ್ಲಿ ಒಂದು, ಅದರ ಹಿಂದೆ ಮುಂದೆ ಒಂದೊಂದು. ಎತ್ತರ ಡಾಕ್‌ನ ಅಂಚಿಗೆ ಸರಿಯಾಗಿ. ತೇಲುವ ಡಾಕ್ ತಗ್ಗಾಗಿರುವುದರಿಂದ ಫೆಂಡರ್ ಬಹುತೇಕ ನೀರು ಮುಟ್ಟುವಷ್ಟು ಕೆಳಗೆ ಬರುತ್ತದೆ. ಕಟ್ಟುವುದು ರೇಲಿಂಗ್ ಕಂಬದ ಬುಡಕ್ಕೆ, ತಂತಿಗಲ್ಲ.

ಹಗ್ಗ ದೋಣಿಯ ಅಂಚನ್ನು ಎಲ್ಲೆಲ್ಲಿ ಮುಟ್ಟುತ್ತದೋ ಅಲ್ಲೆಲ್ಲ ಸವೆತ. ಫೈರ್ ಹೋಸ್ ತುಂಡನ್ನು ಹಗ್ಗಕ್ಕೆ ತೊಡಿಸಿ, ಜಾರದ ಹಾಗೆ ಎರಡೂ ಕಡೆ ದಾರದಲ್ಲಿ ಬಿಗಿಯಿರಿ. ತೋಟದ ಪ್ಲಾಸ್ಟಿಕ್ ಪೈಪ್ ಹಾಕುವವರಿದ್ದಾರೆ, ನಾನು ಹಾಕಲ್ಲ. ಒಳಗೆ ನೀರು ಗಾಳಿ ಆಡದೆ, ಬಿರುಗಾಳಿಯಲ್ಲಿ ತಿಕ್ಕಾಟಕ್ಕೆ ಹಗ್ಗ ಒಳಗೊಳಗೇ ಬಿಸಿಯಾಗುತ್ತದೆ.

## ಹಂತ 8: ಬಿಟ್ಟು ಹೋಗುವ ಮುನ್ನ

ಚುಕ್ಕಾಣಿಯ ಹಿಡಿಯನ್ನು ನಡುವಿಗೆ ಕಟ್ಟಿ. ಇಲ್ಲದಿದ್ದರೆ ಪ್ರತಿ ಅಲೆಗೂ ಅದು ಆ ಕಡೆ ಈ ಕಡೆ ಬಡಿಯುತ್ತಾ ತನ್ನ ಕೀಲನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಮೋಟರ್ ನೀರಿನಿಂದ ಮೇಲಕ್ಕೆತ್ತಿ. ಕಾಕ್‌ಪಿಟ್‌ನ ನೀರು ಹೋಗುವ ತೂತಿನಲ್ಲಿ ಎಲೆ, ಕಸ ಇದ್ದರೆ ತೆಗೆಯಿರಿ. ಅದು ಕಟ್ಟಿಕೊಂಡರೆ ಒಂದು ಜೋರು ಮಳೆಗೆ ಕಾಕ್‌ಪಿಟ್ ಸ್ನಾನದ ತೊಟ್ಟಿಯಾಗುತ್ತದೆ. ತಳದ ವಾಲ್ವ್‌ಗಳನ್ನು ಮುಚ್ಚಿ, ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್‌ಗೆ ಬ್ಯಾಟರಿ ಇದೆಯಾ ನೋಡಿ.

ಹಾಯಿ ಎತ್ತುವ ಹಗ್ಗಗಳನ್ನು ಕಂಬದಿಂದ ದೂರ ಎಳೆದು ಕಟ್ಟಿ. ಅಲ್ಯೂಮಿನಿಯಂ ಕಂಬಕ್ಕೆ ಅವು ರಾತ್ರಿಯಿಡೀ ಟಣ್ ಟಣ್ ಅಂತ ಬಡಿಯುತ್ತವೆ, ಮರೀನಾದಲ್ಲಿ ದೋಣಿಯಲ್ಲೇ ವಾಸ ಮಾಡುವವರು ಇರುತ್ತಾರೆ, ಅವರ ನಿದ್ದೆ ಕೆಡಿಸಿದರೆ ನಿಮಗೆ ಗಾಳಿ ದಿನ ಫೋನ್ ಮಾಡುವವರು ಯಾರು?

## ಬಿರುಗಾಳಿ ಬರುವ ಸುದ್ದಿ ಇದ್ದರೆ

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟು. 15 ನಾಟ್‌ಗೆ ಆರಾಮಾಗಿದ್ದ ಹಗ್ಗ 30 ನಾಟ್‌ಗೆ ಬೇರೆಯೇ ಪ್ರಪಂಚ ನೋಡುತ್ತದೆ. ಹಿಂದಿನ ದಿನವೇ ಹೋಗಿ. ಮೂತಿಯ ಹಗ್ಗ ಮತ್ತು ಸ್ಪ್ರಿಂಗ್‌ಗಳಿಗೆ ಜೊತೆಹಗ್ಗ ಹಾಕಿ, ಸಾಧ್ಯವಾದರೆ ಬೇರೆ ಕ್ಲೀಟ್‌ಗೆ. ಎರಡನೆಯದು ಸ್ವಲ್ಪ ಸಡಿಲ ಇರಲಿ, ಮೊದಲನೆಯದು ಹೋದರೆ ಇದು ಹಿಡಿಯುತ್ತದೆ. ಮುಂದಿನ ಸುರುಳಿ ಹಾಯಿ ಇದ್ದರೆ ಅದನ್ನು ಇಳಿಸಿ ಒಳಗಿಡುವುದೇ ಒಳ್ಳೆಯದು. ಆಗದಿದ್ದರೆ ಇನ್ನೂ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಪಟ್ಟಿಯಿಂದ ಕಟ್ಟಿ. ನಡುರಾತ್ರಿ ಬಿಚ್ಚಿಕೊಂಡ ಹಾಯಿಯ ಎಳೆತಕ್ಕೆ ಯಾವ ಹಗ್ಗದ ಲೆಕ್ಕವೂ ನಿಲ್ಲುವುದಿಲ್ಲ. ಪಕ್ಕದ ದೋಣಿಯ ಹಗ್ಗಗಳನ್ನೂ ನೋಡಿ, ಅದು ಬಿಚ್ಚಿಕೊಂಡರೆ ಬಂದು ಬೀಳುವುದು ನಿಮ್ಮ ಮೇಲೆಯೇ.

ಸುನಾಮಿ ಎಚ್ಚರಿಕೆ ಬಂದರೆ ಮಾತ್ರ ಡಾಕ್ ಕಡೆ ಹೋಗಲೇಬೇಡಿ. 2011ರ ಮಾರ್ಚ್ 11ರಂದು ಜಪಾನಿನ ಭೂಕಂಪದ ಅಲೆ ಶಾಂತಸಾಗರ ದಾಟಿ ಬಂದು ಸ್ಯಾಂಟಾ ಕ್ರೂಜ್ ಬಂದರಿನ ಡಾಕ್‌ಗಳನ್ನೇ ಮುರಿದು ದೋಣಿಗಳನ್ನು ಮುಳುಗಿಸಿತ್ತು. 2022ರ ಜನವರಿ 15ರಂದು ಟೊಂಗಾದ ಜ್ವಾಲಾಮುಖಿ ಸಿಡಿದಾಗಲೂ ಅದೇ ಬಂದರಿಗೆ ನೀರು ನುಗ್ಗಿತು. ಡಾಕೇ ಕಿತ್ತುಹೋಗುವಾಗ ನಿಮ್ಮ ಹೆಚ್ಚುವರಿ ಹಗ್ಗ ಯಾವ ಲೆಕ್ಕ?

## ಅಪಾಯದ ಸೂಚನೆಗಳು

ಒಂದೇ ಹಗ್ಗ ಯಾವಾಗಲೂ ಬಿಗಿ, ಉಳಿದವು ಯಾವಾಗಲೂ ಸಡಿಲ: ಎಲ್ಲ ಭಾರ ಅದೊಂದರ ಮೇಲೆ. ಮತ್ತೆ ಹೊಂದಿಸಿ.

ಕ್ಲೀಟ್ ಬುಡದಲ್ಲಿ ಕಂದು ನೀರಿನ ಗೆರೆ, ಅಥವಾ ಕೂದಲೆಳೆಯಂಥ ಬಿರುಕು: ಬೋಲ್ಟ್ ಅಲುಗುತ್ತಿದೆ, ಡೆಕ್ ಒಳಗೆ ನೀರು ಹೋಗುತ್ತಿದೆ. ಕೆಳಗೆ ದಪ್ಪ ತಗಡಿನ ಆಸರೆ ಇದೆಯಾ ನೋಡಿ, ಹಳೇ ದೋಣಿಗಳಲ್ಲಿ ಸುಮ್ನೆ ಒಂದು ವಾಷರ್ ಇರುತ್ತದೆ. ನನ್ನ ಕ್ಲೀಟ್ ಕಿತ್ತುಬರಲು ಅದೂ ಒಂದು ಕಾರಣ.

ಫೆಂಡರ್ ಡಾಕ್ ಮೇಲೆ ಹತ್ತಿ ಕೂತಿದೆ: ಎತ್ತರ ತಪ್ಪಿದೆ, ಇಲ್ಲವೇ ದೋಣಿ ಜಾಸ್ತಿ ಓಡಾಡುತ್ತಿದೆ. ದೋಣಿ ಮಾಮೂಲಿಗಿಂತ ತಗ್ಗಾಗಿ ಕೂತಂತೆ ಕಂಡರೆ ಹಗ್ಗದ ಚಿಂತೆ ಬಿಟ್ಟು ಮೊದಲು ಒಳಗೆ ಹೋಗಿ ನೆಲದ ಹಲಗೆ ಎತ್ತಿ ನೋಡಿ.

ಹಗ್ಗದ ಮೇಲೆ ಸ್ವಲ್ಪ ಜುಂಗು ಎದ್ದಿದ್ದರೆ ಗಾಬರಿ ಬೇಡ, ಅದು ಮಾಮೂಲು. ಒಂದು ಕಡೆ ಗಟ್ಟಿಯಾಗಿ, ಕರಗಿದ ಹಾಗೆ ಹೊಳೆಯುತ್ತಿದ್ದರೆ, ಅಥವಾ ಬೆರಳಾಡಿಸಿದಾಗ ಒಂದು ಜಾಗ ತೆಳ್ಳಗೆ ಸಿಕ್ಕರೆ ಬದಲಾಯಿಸಿ. ಸವೆದದ್ದು ಒಂದೇ ತುದಿಯಾದರೆ ಅಷ್ಟು ಕತ್ತರಿಸಿ, ಉಳಿದದ್ದನ್ನು ಫೆಂಡರ್ ಕಟ್ಟಲು ಇಟ್ಟುಕೊಳ್ಳಿ. ನನ್ನ ಹಳೇ ಸ್ಪ್ರಿಂಗ್ ಲೈನ್ ಈಗ ಮನೆಯ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದೆ.